ಹದಿನೈದು ಸೆಕೆಂಡು

ಹಾಪ್ಸಲುವಿನಿಂದ ಹಿಲ್ಯಾ ಅವರ ಫೋನು ಬಂದದ್ದು ಮಂಗಳವಾರ:
"ನೀವು ಮಾರಿದ ಪರದೆ
ಲೋಕವನ್ನೆಲ್ಲ ಲಟ್ಟಿಸಿಬಿಟ್ಟಿದೆ."

ಹೋಗಿ ನೋಡಿದೆ. ನಿಜ.
ಇಪ್ಪತ್ತೆರಡಿಂಚಿನ ಚಪ್ಪಟೆ ಮಾನಿಟರಿನಲ್ಲಿ
ಗಡಿಯಾರ ಮೊಟ್ಟೆಯಾಗಿತ್ತು,
ಅಕ್ಷರಗಳ ಅಂಚಿಗೆ ಬೂಷ್ಟು ಹಿಡಿದ ಹಾಗೆ ಮಬ್ಬು.
ಶಾಲಿನ ನಕ್ಷೆಯ ಚೌಕಗಳು, ಚೌಕಕ್ಕೊಂದು ಕುಣಿಕೆ,
ಬಿಸಿಲಿಗೆ ಬಿದ್ದುಕೊಂಡ ಬೆಕ್ಕುಗಳಂತೆ
ಅಡ್ಡಡ್ಡ ಚಾಚಿದ್ದವು.

"ಉಂಗುರದೊಳಗೆ ತೂರಬೇಕು ನಮ್ಮೂರ ಶಾಲು.
ಇದು ಕಂಬಳಿಯ ನಕ್ಷೆ," ಅಂದರು, ಕಾಫಿ ಸುರಿಯುತ್ತ.

ಕೇಬಲ್ ಬಿಚ್ಚಿ ಹಾಕಿದೆ.
ಪಕ್ಕದ ಗುಂಡಿಗಳನ್ನೆಲ್ಲ ಒತ್ತಿದೆ;
ಮೆನು ಕೊರಿಯನ್ ಭಾಷೆಗೆ ಹೋಗಿ ಕೂತಿತು,
ಪುಸಲಾಯಿಸಿ ಕರೆತರಲು ಕಾಲು ಗಂಟೆ.
ಮೇಜಿನಡಿಯ ಹಳೆಯ ಪೆಟ್ಟಿಗೆ
ಇನ್ನೂ ಹಳೆಯ ಪರದೆಯನ್ನೇ ನೆನೆಯುತ್ತಿತ್ತು:
ಸಾವಿರದಿಪ್ಪತ್ನಾಲ್ಕು, ಏಳುನೂರ ಅರವತ್ತೆಂಟು,
ಬಾಯಿಗೆ ಬಂದ ಮಗ್ಗಿಯ ಹಾಗೆ.
ಹೊಸ ಡ್ರೈವರ್ ಇಳಿಸಿದೆ. ಪಟ್ಟಿಯ ತುದಿಯಲ್ಲಿ ಕಡೆಗೂ ಸಿಕ್ಕಿತು
ಸಾವಿರದಾರುನೂರ ಎಂಬತ್ತು, ಸಾವಿರದೈವತ್ತು,
ಈ ಗಾಜು ಹುಟ್ಟುವಾಗಲೇ ಪಡೆದುಬಂದ ಅಳತೆ.

ಒತ್ತಿದೆ. ಕಪ್ಪು. ಮತ್ತೆ ಬೆಳಕು.
ಗಡಿಯಾರ ದುಂಡಗಾಯಿತು,
ಅಕ್ಷರ ಸಣ್ಣಗಾಗಿ ಚೂಪಾಯಿತು,
ಹಿನ್ನೆಲೆಯ ಚಿತ್ರದಲ್ಲಿ ದೋಣಿಯ ಅಂಚು ಹಿಡಿದು ನಿಂತಿದ್ದ ಮನುಷ್ಯ
ಸರಕ್ಕನೆ ಸೊರಗಿದ.

ನಟ್ಟನಡುವೆ ಒಂದು ಪ್ರಶ್ನೆ: ಹೀಗೇ ಇರಲೇ?
ಉತ್ತರ ಬಾರದಿದ್ದರೆ ಹದಿನೈದು ಸೆಕೆಂಡಿಗೆ ಹಿಂದಿನಂತೆ.

"ಹೌದು ಅಂತ ಒತ್ತಿ," ಮೌಸ್ ಕೊಟ್ಟೆ.
ಒತ್ತಲಿಲ್ಲ. ಹತ್ತು. ಒಂಬತ್ತು.
"ಇದು ಅಕ್ಟೋಬರಿನ ಎಂಡೆಲ್," ಅಂದರು,
"ಆಸ್ಪತ್ರೆಗೆ ಮುಂಚಿನ ವಾರ.
ನಾಲ್ಕು ದಿನದಿಂದ ನಿಮ್ಮ ಪರದೆ
ಅವನಿಗೆ ಹೊಟ್ಟೆತುಂಬ ಊಟ ಹಾಕಿತ್ತು."
ಎರಡು. ಒಂದು.
ಕಪ್ಪು.
ಕೆನ್ನೆ ತುಂಬಿಕೊಂಡು ಬಂದ ಅವನು.
ಗಡಿಯಾರ ಮೊಟ್ಟೆಯಾಯಿತು.

ಇನ್ನೊಮ್ಮೆ ಹೊಂದಿಸಿದೆ. ಇನ್ನೊಮ್ಮೆ ಹಾಗೇ ಬಿಟ್ಟರು.
ಬೀದಿಯಲ್ಲಿ ನನ್ನ ವ್ಯಾನು ದೀಪ ಮಿಟುಕಿಸುತ್ತಿತ್ತು,
ಅದರಾಚೆ ಬಾಲ್ಟಿಕ್ ಕೊಲ್ಲಿ
ದಡದಿಂದ ಒಳಕ್ಕೆ ಹೆಪ್ಪುಗಟ್ಟುತ್ತಿತ್ತು.
ಅಂಗಡಿಯವರು ಕೊಟ್ಟ ತರಬೇತಿಯಲ್ಲಿ
ಇದಕ್ಕೆ ಪುಟ ಇರಲಿಲ್ಲ.

ಮೂರನೆಯ ಸಲ ಕನ್ನಡಕ ಹಾಕಿಕೊಂಡು
ಮೂಗು ಗಾಜಿಗೆ ತಗಲುವಷ್ಟು ಬಗ್ಗಿದರು.
ಅವನ ಸ್ವೆಟರಿನ ಕೊರಳಪಟ್ಟಿ
ಈಗ ಎಳೆ ಎಳೆಯಾಗಿ ಕಾಣುತ್ತಿತ್ತು.
"ಇಲ್ಲೊಂದು ಕುಣಿಕೆ ಬಿಟ್ಟುಹೋಗಿದೆ ನೋಡಿ.
ಎರಡು ಚಳಿಗಾಲ ಹಾಕಿಕೊಂಡ,
ಹೇಳಲೇ ಇಲ್ಲ, ಕಳ್ಳ."

ನಾಲ್ಕು ಸೆಕೆಂಡು ಉಳಿದಿರುವಾಗ
ಒತ್ತಿದರು.