ಮೂರು ಹಿಡಿ ತೊಗರಿಬ್ಯಾಳಿ

ಸೊಲ್ಲಾಪುರದ ಢೇಪೆ, ಮೈಂದರ್ಗಿ ಸ್ಟ್ಯಾಂಡಿನ ಎದುರು
ನಮ್ಮ ಖಾನಾವಳಿ ಕಟ್ಟಿಮ್ಯಾಲೆ ಗ್ಲಾಸಿಟ್ಟು
ಎರಡು ಕಡ್ಡಿ ಇಳಿಬಿಟ್ಟ.
ಬೋರಿನ ನೀರು ತುಕ್ಕಿನ ರಾಡಿ ಆತು.
'ಬಘಾ ವಹಿನಿ, ಇದನ್ನ ಕುಡೀತೀರಿ.'

ಕಡ್ಡಿ ಕಬ್ಬಿಣದ್ದೇನು, ನಾ ಕೇಳಲಿಲ್ಲ.
ಮೀಟರು ಹದಿನಾಲ್ಕುನೂರಾ ಎಂಬತ್ತು ತೋರಿಸ್ತು.
ಅದು ಸುಳ್ಳಲ್ಲ.
ನಳದ ಬಾಯಿಗೆ ಬಿಳಿ ಕಿಟ್ಟ,
ಹಂಡೇದ ತಳಕ್ಕ ಸುಣ್ಣದ ಹಪ್ಪಳ,
ಸಾಬೂನು ತಿಕ್ಕಿದಷ್ಟೂ ಒಡದ ಹಾಲು.

ಒಂದು ಮಶೀನಿಗೆ ಉಪ್ಪು ಸುರೀಬೇಕಂತ, ಚೀಲಗಟ್ಟಲೆ.
'ಸವಳು ಕಳಿಯಾಕ ಉಪ್ಪೇನ?'
ಅತ್ತಿ ಭೌರವ್ವ ಎಲಿಅಡಿಕಿ ಉಗುಳಿ ನಕ್ಕಳು.
ಇನ್ನೊಂದು, ಕೊಡ ನೀರು ಕೊಟ್ಟು
ಮೂರು ಕೊಡ ಗಟಾರಕ್ಕ ಬಿಡತೈತಿ.
ಟ್ಯಾಂಕರಿನ ಬಾಲ ಹಿಡದು ಓಡಿದಾಕಿ ನಾನು;
ಆ ಮೂರು ಕೊಡ ರಾತ್ರಿಯೆಲ್ಲಾ
ಕಿವ್ಯಾಗ ಸುರದವು.

ಕಡೀಕ ಅತ್ತೀನಽ ಪರೀಕ್ಷಾ ಇಟ್ಟಳು.
ಢೇಪೆ ಬಿಟ್ಟುಹೋದ ಎರಡು ಕ್ಯಾನು, ನಮ್ಮ ಬೋರು,
ಮೂರು ಡಬರಿ, ಮೂರು ಹಿಡಿ ತೊಗರಿಬ್ಯಾಳಿ.
ಬೋರಿಂದು ತಾಸು ಕುದ್ದರೂ
ಹಟ ಹಿಡದ ಕೂಸಿನಂಗ ಕುಂತಿತ್ತು.
ಉಪ್ಪಿನ ಮಶೀನಿಂದು ಅರ್ಧ ತಾಸಿಗೆ ಒಡೀತು.
ಮೂರನೇದು
ಬೆಣ್ಣಿ.

ಆ ಬೆಣ್ಣೀನ ಲಾಡ್ಲೇಸಾಬಗ ಬಡಿಸಿದೆ,
ಹದಿನೇಳು ವರ್ಷದ ಗಿರಾಕಿ, ಲಾರಿ ಡ್ರೈವರು.
ಸುಮ್ಮನ ಉಂಡ. ಕೈ ತೊಳಕೋತ ಕೇಳಿದ:
'ಅಕ್ಕಾ, ಇವತ್ತ ಅಡಿಗಿ ಯಾರು ಮಾಡಿದರು?'

ನಾಳೆ ಢೇಪೆ ಮುಂಗಡಕ್ಕ ಬರತಾನ.
ಸಣ್ಣದೊಂದು ಸಾಕು, ಬ್ಯಾಳಿಗಷ್ಟ, ಅಂತೀನಿ.
ಗಟಾರದ ಪೈಪು ಭಾಂಡೆ ತಿಕ್ಕೂ ಕಟ್ಟಿಗೆ ತಿರುವು ಅಂತೀನಿ.
ಚಾ ಮಾತ್ರ ಬೋರಿನ ನೀರಿಂದಽ.
ಲಾಡ್ಲೇಸಾಬನ ಗಾಡಿ
ಸಂಜಿಗೆ ಮತ್ತ ಈ ಹಾದಿಲೇ ಬರತೈತಿ.