ಪ್ರಶ್ನೆ ಏಳು

ಕೊಣಾಜೆಯ ಗುಡ್ಡ ಇಳಿದು ಬಂದೆ,
ಬಗಲಲ್ಲಿ ನಲವತ್ತು ಫಾರಂ:
ಉದ್ಯಮಶೀಲತೆಯ ಪಾಠ ಎಷ್ಟು ಫಲಿಸಿತು,
ಒಂದರಿಂದ ಐದರೊಳಗೆ ಗುರುತು ಹಾಕಿ.

ಬಂದರಿನ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತಾಳೆ
ಸುಗಂಧಿ ಸಾಲ್ಯಾನ್.
ಒಣಸಿಗಡಿ ಚಟ್ನಿಯ ಅವಳ ಯೋಜನೆಗೆ
ನೂರಕ್ಕೆ ತೊಂಬತ್ತೆರಡು ಕೊಟ್ಟವನು ನಾನೇ.
ಹನ್ನೊಂದನೇ ತಿಂಗಳಿಗೆ ಲಾಭ, ಎಂದಿತ್ತು ಗ್ರಾಫು.
ಹನ್ನೊಂದನೇ ತಿಂಗಳು ಆಟಿ.
ಪ್ಯಾಕೆಟ್ಟಿನೊಳಗೆ ಬೂಷ್ಟು.

"ಆತ್ಮವಿಶ್ವಾಸ ಹೆಚ್ಚಿತೇ?" ಏಳನೇ ಪ್ರಶ್ನೆ.
"ಯಾವಾಗ ಸರ್? ಪರೀಕ್ಷೆಯ ವಾರವಾ,
ಅಂಗಡಿ ಅಂಗಡಿ ತಿರುಗಿ
ಕೊಟ್ಟದ್ದನ್ನೆಲ್ಲ ವಾಪಸು ಹೊತ್ತು ತಂದ ವಾರವಾ?"

ಅಷ್ಟರಲ್ಲಿ ಫೋನು. ಯಾವುದೋ ಬೋಟಿನವರ ಬಾಕಿ.
ಬೈಯಲಿಲ್ಲ, ಬೇಡಲಿಲ್ಲ,
ಮಗಳ ಜ್ವರ ವಿಚಾರಿಸಿದಳು,
"ಶುಕ್ರವಾರ ಅಂದಿರಿ, ಬರಕೊಂಡೆ" ಎಂದು ಇಟ್ಟಳು.
ನಮ್ಮ ಸಿಲೆಬಸ್ಸಿನ ಯಾವ ಘಟಕದಲ್ಲೂ ಇದಿಲ್ಲ.
ಫಾರಮಿನಲ್ಲಿ ಎರಡೇ ಚೌಕ: ನಡೆಯುತ್ತಿದೆ. ಮುಚ್ಚಿದೆ.

"ನೀವು ಏನಾದರೂ ಮಾರಿದ್ದುಂಟಾ ಸರ್?"
ಹಳೆ ಸ್ಕೂಟರ್ ನೆನಪಾಯಿತು.
ಅದನ್ನೂ ಭಾವ ಮಾರಿಕೊಟ್ಟದ್ದು.

ಆಮೇಲೆ ಹೇಗಾಯಿತೋ ಗೊತ್ತಿಲ್ಲ.
ಮೂಲೆಯಲ್ಲಿದ್ದ ಸೀಲು ಹಾಕುವ ಮಿಷನ್ನಿನ ಮಾತು ಬಂತು,
ಮನೆಯಲ್ಲಿ ಹಪ್ಪಳ ಮಾಡ್ತಾರಲ್ಲ, ಅಂದಳು,
ಮಳೆಗಾಲ ಹತ್ತಿರ ಬಂತಲ್ಲ, ಅಂದಳು.
ಸಾವಿರದ ಇನ್ನೂರು. ರಸೀದಿಯನ್ನೂ ಬರೆದುಕೊಟ್ಟಳು.

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸು ಹತ್ತಿದೆ,
ಮಿಷನ್ನು ತೊಡೆಯ ಮೇಲೆ, ಫಾರಂ ಅದರಡಿ,
ಏಳನೆಯದು ಖಾಲಿ.
ಲಗೇಜಿಗೆ ಇಪ್ಪತ್ತು, ಅಂದ ಕಂಡಕ್ಟರ್.
ಕೊಟ್ಟೆ.
ಚೌಕಾಸಿ ನನಗೆ ಬಾರದು.