ನೀರು ಬಂದ ಗುರುತು

ನಾಯಂಡಹಳ್ಳಿ ಬಂತು ಅನ್ನುವುದು
ಮೂಗಿಗೇ ಮೊದಲು ತಿಳಿಯುತ್ತದೆ.
ಮೆಟ್ರೊದ ಬಾಗಿಲು ಮುಚ್ಚಿದ್ದರೂ
ಕರ್ಚೀಫುಗಳು ಮೇಲೇಳುತ್ತವೆ, ಯಾರೋ ಡ್ರಿಲ್ ಮಾಡಿಸಿದ ಹಾಗೆ.
ಕಾರ್ಡು ಹುಡುಕಿದ ಬೆರಳಿಗೆ ಸಿಕ್ಕಿದ್ದು
ಪರ್ಸಿನ ಒಳಜೇಬಿನ ಹಳೇ ಟಿಕೆಟ್ಟು.

ಅದರಲ್ಲಿ ಹೆಸರು ಬರೆಯಬೇಕಿತ್ತು, ಐದು ಜನರದ್ದು,
ರೈಲು ಹತ್ತುವ ಮೊದಲು, ಪೆನ್ನಿನಲ್ಲಿ.
ಲೀನಸ್ ಬರೆದ. ಜಾರ್ಜಿಯಾದ ತಮಾರಾ ಬರೆದಳು.
ಕೊರಿಯಾದ ಹುಡುಗ ಅರೆಕ್ಷಣದಲ್ಲಿ ಮುಗಿಸಿದ.
ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಅಜ್ಜಿ, ಗುಡ್ರುನ್,
ತನ್ನ ಪಾಲಿನ ಚಿಲ್ಲರೆ ಎಣಿಸಿ ಕೊಟ್ಟು ಐದನೆಯವಳಾದಳು.
ನನ್ನ ಗೆರೆ ಬೆರಳುದ್ದ. ಸರ್ವಮಂಗಳಾ ಹಿಡಿಸಲಿಲ್ಲ.
'ಸರ್ವ' ಎಂದಷ್ಟೇ ಗೀಚಿದೆ.
ಅಗ್ಗದ ಟಿಕೆಟ್ಟಿಗೆ ಇಡೀ ಬಾಪೂಜಿನಗರ
ಹತ್ತಿಸಿದ ಹಾಗಾಯಿತು.

ರೆಗೆನ್ಸ್‌ಬುರ್ಗ್. ಒಂದೇ ದಿನದ ಊರು.
ಚರ್ಚಿನ ಶಿಖರ ನೋಡಿ ಕುತ್ತಿಗೆ ನೋಯಿಸಿಕೊಂಡೆವು.
ಕಲ್ಲುಸೇತುವೆ ಮೇಲೆ ಕಾಂಗ್ರೆಸ್ ಕಡಲೆಕಾಯಿಯ
ಕೊನೆಯ ಪೊಟ್ಟಣ ಒಡೆದೆ.
ಆ ಹೆಸರು ಯಾಕೆ ಎಂದ ಲೀನಸ್. ನನಗೂ ಗೊತ್ತಿರಲಿಲ್ಲ.
ಕಮಾನುಗಳ ಕೆಳಗೆ ಡಾನ್ಯೂಬ್, ಸುಳಿ ಕಟ್ಟಿ ಬಿಚ್ಚಿ.

ದಡದ ಸಾಸೇಜಿನಂಗಡಿಯ ಗೋಡೆಯಲ್ಲಿ ಗೆರೆಗಳು,
ಗೆರೆಗೊಂದು ಇಸವಿ.
ಒಂದು ನನ್ನ ಮೊಣಕಾಲಿಗೆ, ಒಂದು ಎದೆಗೆ,
ಒಂದಕ್ಕೆ ಕೈ ಎತ್ತಬೇಕು.
'ನೀರು ಇಲ್ಲಿಗೆ ಬಂದಿತ್ತು' ಎಂದಳು ಗುಡ್ರುನ್,
ಮೊಮ್ಮಗನ ಎತ್ತರ ತೋರಿಸುವವಳ ಹಾಗೆ.
ಆಮೇಲೆ, ಊಟ ಆಯ್ತಾ ಅನ್ನುವಷ್ಟೇ ಸಹಜವಾಗಿ:
'ನಿಮ್ಮೂರಿನ ಹೊಳೆ ಯಾವುದು?'

ಇಲ್ಲ ಎಂದೆ. ಬೆಂಗಳೂರಿಗೆ ಹೊಳೆಯಿಲ್ಲ.
ಕಾವೇರಿ ಬರುತ್ತಾಳೆ, ಪೈಪಿನಲ್ಲಿ, ದಿನ ಬಿಟ್ಟು ದಿನ,
ಬರುವ ಹೊತ್ತಿಗೆ ನಾವು ಎಚ್ಚರವಿರಬೇಕು.
ಎಲ್ಲರೂ ನಕ್ಕರು. ಗುಡ್ರುನ್ ನಗಲಿಲ್ಲ.
'ಹೊಳೆಯಿಲ್ಲದೆ ಊರು ಅಲ್ಲಿ ಯಾಕೆ ಕೂತಿತು?'

ವಾಪಸಿನ ಗಾಡಿಯ ಕಪ್ಪು ಕಿಟಕಿಯಲ್ಲಿ
ನನ್ನ ಮುಖ, ಅದರ ಹಿಂದೆ
ನಾಲ್ಕನೇ ಕ್ಲಾಸಿನ ಒಂದು ರಾತ್ರಿ.
ಗ್ಯಾಸ್ ಸಿಲಿಂಡರು ತೇಲಿ ಬಂದು
ನೆಂಟನ ಹಾಗೆ ರೂಮಿನ ಬಾಗಿಲು ತಟ್ಟಿತ್ತು.
ಅಪ್ಪ ನನ್ನನ್ನು ಅಟ್ಟಕ್ಕೆ ಹತ್ತಿಸಿ
ಹೊಲಿಗೆ ಮಿಷನ್ನಿನ ತಲೆ ಬಿಚ್ಚಿ ತೊಡೆಯ ಮೇಲಿಟ್ಟ.
ಬಿಡಬೇಡ, ಎಂದ. ಬೆಳಗಿನ ತನಕ ಬಿಡಲಿಲ್ಲ.

ಮೋರಿ ಉಕ್ಕಿತು ಎಂದರು ಎಲ್ಲರೂ.
ಕಾರ್ಪೊರೇಷನ್ನಿನವರು, ಪೇಪರಿನವರು, ನಾವೂ.
ಬಸವನ ಕಾಲಡಿ ಹುಟ್ಟಿದವಳಂತೆ ಅವಳು,
ಯಾರೂ ಹೆಸರು ಹಿಡಿದು ಕರೆಯಲಿಲ್ಲ.
ಬ್ಲೀಚಿಂಗ್ ಪೌಡರು, ಮೇಲೆ ಸುಣ್ಣ,
ಅದರ ಮೇಲೆ ತಿಳಿಹಸಿರು ಡಿಸ್ಟೆಂಪರ್.
ಗುರುತು ಉಳಿದರೆ ಬಾಡಿಗೆಗೆ ಯಾರು ಬರುತ್ತಾರೆ ಎಂದ ಮಾಲೀಕ,
ಒಳಗೆ ನಾವು ಇರಲೇ ಇಲ್ಲವೇನೋ ಅನ್ನುವ ಹಾಗೆ.

ಈಗ ಕೆಳಗೆ ನೊರೆ, ಟೈರಿನ ಮೇಲೆ ಒಂದು ಬೆಳ್ಳಕ್ಕಿ.
ಕರ್ಚೀಫು ಇಳಿಸಿ ನೋಡಿದೆ.
ಪಕ್ಕದ ಹೆಂಗಸು ನನ್ನನ್ನು ನೋಡಿದಳು.

ಮನೆಗೆ ಬಂದವಳೇ ಫ್ರಿಜ್ಜು ಜರುಗಿಸಿ
ಬೀಗದ ಕೈಯಲ್ಲಿ ಕೆರೆದೆ.
ಹಸಿರು ಉದುರಿತು, ಬಿಳಿ ಉದುರಿತು,
ನನ್ನ ಸೊಂಟಕ್ಕೆ ಸರಿಯಾಗಿ
ಚಹಾದ ಕಲೆಯಂಥ ಗೆರೆ.
ಆಗ ಇದು ನನ್ನ ಕೊರಳಿಗಿದ್ದಿರಬೇಕು.
ಯಾವ ಇಸವಿ ಎಂದರೆ ಅಮ್ಮ ಹೇಳಿದ್ದೊಂದು, ಅಪ್ಪ ಹೇಳಿದ್ದೊಂದು.
ಎರಡನ್ನೂ ಬರೆದೆ, ಸ್ಕೆಚ್‌ಪೆನ್ನಿನಲ್ಲಿ.
ಹೆಸರಿಗೆ ಈ ಸಲ ಜಾಗವಿತ್ತು:
ವೃಷಭಾವತಿ.

ಮಾಲೀಕ ನೋಡಿದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾನೆ,
ಎಂದು ಅಮ್ಮ ಫ್ರಿಜ್ಜನ್ನು ಹಿಂದಕ್ಕೆ ತಳ್ಳಿದಳು.
ಪೂರ್ತಿ ತಳ್ಳಲಿಲ್ಲ.